ಮೆತ್ತನೆಯ ಐಸ್

ಆ ಮನೆಯಲ್ಲಿ ಸ್ನಾನಕ್ಕೆ ಹೋಗುವವರು ಮೊದಲು ಬಚ್ಚಲಿನಿಂದ ಒಂದು ಆಳಿನಷ್ಟು ಸಾಮಾನನ್ನು ಹೊರಕ್ಕೆ ಸಾಗಿಸಬೇಕಿತ್ತು. ನಲ್ಲಿಯ ಮೇಲೆ ಭುಜಕ್ಕೆ ಕಟ್ಟುವ ದಪ್ಪ ಕವಚ, ಕಿಟಕಿಯ ಚಿಲಕಕ್ಕೆ ಮೊಣಕಾಲಿನ ಗಾರ್ಡು, ಬಕೆಟ್ಟಿನ ಮೇಲೆ ಕವುಚಿ ಹಾಕಿದ ಹೆಲ್ಮೆಟ್ಟು, ಹಗ್ಗದ ಮೇಲೆ ಒಂದು ಜೊತೆ ಕೈಗವಸು. ಕೈಗವಸುಗಳ ವಾಸನೆಯ ಬಗ್ಗೆ ಬರೆಯದಿರುವುದೇ ಮೇಲು. ಅಜ್ಜಿ ಹೇಳುವ ಹಾಗೆ, ಇಲಿ ಸತ್ತಿದ್ದರೆ ಹುಡುಕಿ ಎಸೆಯಬಹುದು, ಇದನ್ನು ಎಸೆಯುವ ಹಾಗೂ ಇಲ್ಲ.

ಸಾಮಾನಿನ ಒಡತಿ ಮನೆಯ ಒಬ್ಬಳೇ ಮಗಳು. ಮೂವತ್ತು ದಾಟಿದೆ. ಬೆಳಿಗ್ಗೆ ಪಾರ್ಸೆಲ್ ಗೋದಾಮಿನಲ್ಲಿ ಅರ್ಧ ದಿನದ ಕೆಲಸ, ಸಂಜೆ ಊರಿನ ಹೆಂಗಸರ ಐಸ್ ಹಾಕಿ ತಂಡದಲ್ಲಿ ಡಿಫೆಂಡರ್. ಗೋಲು ಹೊಡೆಯುವುದು ಅವಳ ಕೆಲಸವಲ್ಲ, ಹೊಡೆಯಲು ಬಂದವರನ್ನು ತಡೆಯುವುದು ಅವಳ ಕೆಲಸ. ಎದುರಾಳಿ ನುಗ್ಗಿ ಬರುವಾಗ ಅವಳ ಮೇಲಿಟ್ಟ ಕಣ್ಣು ತೆಗೆಯದೆ ಹಿಂದಕ್ಕೆ ಜಾರುತ್ತಾ ಹೋಗಬೇಕು. ಅವಳು ಯಾವ ಪಕ್ಕಕ್ಕೆ ಹೊರಳಿದಳೋ ಆ ಪಕ್ಕಕ್ಕೆ ತಟ್ಟನೆ ತಿರುಗಿ ದಾರಿ ಮುಚ್ಚಬೇಕು. ಕೋಲಿಗೆ ಸಿಗದ ಬಿಲ್ಲೆಗೆ ಮೈ ಒಡ್ಡಬೇಕು. ಬಿಲ್ಲೆ ಎಂದರೆ ಅಂಗೈ ಅಗಲದ ಗಟ್ಟಿ ರಬ್ಬರು. ಅದರ ರುಚಿ ತಗುಲಿಸಿಕೊಂಡವರಿಗೇ ಗೊತ್ತು. ಜೊತೆಯ ಹುಡುಗಿಯರು ಇವಳನ್ನು ಗೋಡೆ ಎಂದು ಕರೆಯುತ್ತಿದ್ದರು. ಆ ಹೆಸರು ನಿಧಾನವಾಗಿ ಮನೆಗೂ ಬಂದು ಸೇರಿಕೊಂಡಿತು.

ಅವಳು ಆಡುವ ರಿಂಕಿನಲ್ಲೇ, ಅಂದರೆ ಆ ಐಸಿನ ಅಂಗಣದಲ್ಲೇ, ಅಪ್ಪನಿಗೂ ಕೆಲಸ. ಅವನು ಐಸ್ ಮಾಡುವವನು. ಎಲ್ಲರ ಬಾಯಲ್ಲಿ ಐಸಪ್ಪ. ಆಡಿ ಆಡಿ ಗೀರುಬಿದ್ದ ಐಸಿನ ಮೇಲೆ ದೊಡ್ಡ ಗಾಡಿ ಓಡಿಸಿ, ಮೇಲ್ಪದರ ಹೆರೆದು, ತೆಳ್ಳಗೆ ಬಿಸಿನೀರು ಬಿಟ್ಟು ಮತ್ತೆ ಕನ್ನಡಿ ಮಾಡುವುದು ಅವನ ಕಸುಬು. ಮಗಳು ಹಾಲುಹಲ್ಲು ಉದುರುವ ವಯಸ್ಸಿನಲ್ಲಿ ಅಡಿಗೆ ಬ್ಲೇಡಿರುವ ಸ್ಕೇಟ್ಸ್ ಕಟ್ಟಿದ್ದು ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದುದರಿಂದಲೇ. ಅವನ ಲೆಕ್ಕದಲ್ಲಿ ಐಸಿನಲ್ಲಿ ಎರಡು ಜಾತಿ. ಮಧ್ಯಾಹ್ನ ಡ್ಯಾನ್ಸ್ ಕ್ಲಾಸಿನ ಮಕ್ಕಳಿಗೆ ‘ಕುಣಿಯೋ ಐಸ್’. ಅದು ಸ್ವಲ್ಪ ಮೆತ್ತಗಿರಬೇಕು, ಹಾರಿ ಇಳಿದ ಮಗುವಿನ ಕಾಲು ನಾಟಬೇಕು. ಸಂಜೆ ಹಾಕಿಯವರಿಗೆ ‘ಹೊಡೆದಾಡೋ ಐಸ್’, ಅದು ಕಲ್ಲಾಗಿರಬೇಕು. ಕ್ಲಾಸು ಮುಗಿಯುತ್ತಲೇ ಅವನು ಯಂತ್ರದ ಕೋಣೆಗೆ ಹೋಗಿ ತಣ್ಣಗಾಗಿಸುವ ಗುಂಡಿಯನ್ನು ತಿರುಗಿಸುತ್ತಿದ್ದ. ಹಾಕಿಯವರು ಬರುವ ಹೊತ್ತಿಗೆ ಒಂದು ಐಸು ಇನ್ನೊಂದಾಗಿರುತ್ತಿತ್ತು.

ಜಗಳ ಶುರುವಾದದ್ದು ಗೋಡೆಯ ಗದ್ದದಿಂದ. ಒಂದು ಪಂದ್ಯದಲ್ಲಿ ಬಿಲ್ಲೆ ನೆಗೆದು ಗದ್ದಕ್ಕೆ ಬಡಿದು, ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದಿದ್ದಳು. ಅಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಇಡೀ ಶಾಲೆಗೆ ಬೇಯಿಸಿ ಬಂದವಳು ಮನೆಯಲ್ಲಿ ಸೌಟು ಮುಟ್ಟುತ್ತಿರಲಿಲ್ಲ. ಮನೆಯ ಅಡುಗೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ಆ ವಾರ ಮಾತ್ರ ಅಮ್ಮ ಬ್ಯಾಗು ಕೆಳಗಿಡುವ ಮೊದಲೇ ಒಲೆ ಹಚ್ಚಿ ಗಂಜಿ ಕಾಯಿಸಿದಳು.

“ಬಾಯಿ ತೆಗಿ.”

“ಚಮಚ ನಾನೇ ಹಿಡ್ಕೋತೀನಮ್ಮ. ಒಡೆದಿರೋದು ಗದ್ದ, ಕೈಯಲ್ಲ.”

“ಇವತ್ತು ಗದ್ದ. ಎರಡು ವರ್ಷದ ಹಿಂದೆ ಮಂಡಿ. ನಾಳೆ ತಲೆ. ಸರದಿ ಪ್ರಕಾರ ಒಡೀತಾ ಇದಾರಾ?”

ಅಜ್ಜಿ ಆಲೂಗಡ್ಡೆ ಸುಲಿಯುತ್ತಾ ಕೇಳಿದಳು: “ಹಲ್ಲು ಎಷ್ಟು ಉಳಿದಿದೆ ನೋಡೇ. ನನಗಿಂತ ಒಂದಾದ್ರೂ ಜಾಸ್ತಿ ಇರ್ಲಿ.”

“ಹಲ್ಲೆಲ್ಲ ಇದೆ ಅಜ್ಜಿ.”

“ಮತ್ತೆ ಗಂಜಿ ಯಾಕೆ? ಬ್ರೆಡ್ ತಿನ್ನು. ಗಂಜಿ ನಾನು ಕುಡೀತೀನಿ.”

ಅಪ್ಪನಿಗೆ ನಗು ಬಂತು. ಅಮ್ಮ ತಿರುಗಿ ನೋಡಿದ್ದಕ್ಕೆ ಆ ನಗುವನ್ನು ಅವನು ಕೆಮ್ಮಾಗಿ ಬದಲಾಯಿಸಿದ.

“ಗೋದಾಮಿನ ಮ್ಯಾನೇಜರು ಎಷ್ಟು ಸಲ ಕೇಳ್ಬೇಕು ನಿನ್ನ?” ಎಂದಳು ಅಮ್ಮ. “ಸೂಪರ್‌ವೈಸರ್ ಕೆಲಸ. ಕುರ್ಚಿ ಇದೆ, ಮೇಜಿದೆ, ಮೇಲೊಂದು ಫ್ಯಾನಿದೆ.”

“ಇಡೀ ದಿನದ ಕೆಲಸ ಅದು. ಸಂಜೆ ಪ್ರಾಕ್ಟೀಸಿಗೆ ಹೋಗೋಕಾಗಲ್ಲ.”

“ಅದರಲ್ಲಿ ಚೆನ್ನಾಗಿರೋದೇ ಅದು!”

“ಫೈನಲ್ ಮುಗೀಲಿ, ಉತ್ತರ ಹೇಳ್ತೀನಿ ಅಂದಿದೀನಿ. ಮುಗೀಲಿ ಅಮ್ಮ.”

“ಹೋದ ವರ್ಷವೂ ಮುಗೀಲಿ ಅಂದೆ. ಮುಗಿಯುತ್ತೆ, ಮತ್ತೆ ಶುರುವಾಗುತ್ತೆ. ನಿನ್ನ ವಯಸ್ಸಿಗೆ ನಾನು—”

“ನನ್ನ ವಯಸ್ಸಿಗೆ ನೀನು ಇಡೀ ಶಾಲೆಗೆ ಒಬ್ಬಳೇ ಅಡುಗೆ ಮಾಡ್ತಿದ್ದೆ. ಕೈ ಸುಟ್ಟುಕೊಂಡಾಗ ಯಾರಾದ್ರೂ ಕೆಲಸ ಬಿಡು ಅಂದ್ರಾ?”

ಅಮ್ಮ ಗಂಜಿಯ ಬಟ್ಟಲನ್ನು ಕುಕ್ಕಿಟ್ಟು ಹೋದಳು. ಬಾಗಿಲು ಬಡಿದ ಸದ್ದಿಗೆ ಪಕ್ಕದ ಮನೆಯವರೂ ತಮ್ಮ ಟಿವಿ ಸದ್ದು ತಗ್ಗಿಸಿ ಕಿವಿಗೊಟ್ಟಿರಬೇಕು.

ಮರುದಿನ ಗೋಡೆ ಕೆಲಸಕ್ಕೆ ಹೋದ ಮೇಲೆ ಅಮ್ಮ ಗಂಡನನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. ಅವನು ಟೀ ಸೋಸುತ್ತಿದ್ದ.

“ರೀ, ಒಂದು ಕೇಳ್ತೀನಿ, ಬೈಬೇಡಿ. ಮಕ್ಕಳಿಗೆ ಮೆತ್ತಗೆ ಮಾಡ್ತೀರಲ್ಲ ಐಸು, ಸಂಜೆಗೂ ಹಾಗೇ ಬಿಟ್ರೆ ಏನಾಗುತ್ತೆ?”

“ಏನೂ ಆಗಲ್ಲ. ಆಟ ಸ್ವಲ್ಪ ನಿಧಾನ ಆಗುತ್ತೆ. ಬಿಲ್ಲೆ ಅಷ್ಟು ಓಡಲ್ಲ.”

“ಬಿದ್ರೆ?”

ಅಪ್ಪ ಯೋಚಿಸಿದ. “ಪೆಟ್ಟು ಕಡಿಮೆ ಅನ್ನಬಹುದು. ಓಟ ನಿಧಾನ ಆದ್ರೆ ಡಿಕ್ಕಿನೂ ನಿಧಾನ ತಾನೆ?”

“ಮತ್ತೆ ಬಿಡಿ ಹಾಗೇ! ಇಷ್ಟು ವರ್ಷ ಇದನ್ನು ಹೇಳದೇ ಕೂತಿದ್ರಲ್ಲ ನೀವು!”

“ಏ, ಅದು ತಪ್ಪು ಕಣೇ. ಹಾಕಿಯವರಿಗೆ ಗಟ್ಟಿ ಐಸೇ ಕೊಡ್ಬೇಕು.”

ಅಜ್ಜಿ ಒಳಗಿನಿಂದಲೇ ತನ್ನ ತೀರ್ಪು ಕೊಟ್ಟಳು. “ಅಳಿಯಂದ್ರೇ, ಮಗು ನಡೆಯೋದು ಕಲಿಯುವಾಗ ಕೆಳಗೆ ಕಂಬಳಿ ಹಾಸಲ್ವಾ? ಅದೂ ಅಷ್ಟೇ. ಹಾಸಿ.”

ಅತ್ತ ಹೆಂಡತಿ, ಇತ್ತ ಅತ್ತೆ. ಅವರಿಬ್ಬರ ಮೇಲೆ ತಪ್ಪು ಹೊರಿಸಿದರೆ ಅನ್ಯಾಯವಾದೀತು. ಗದ್ದದಿಂದ ರಕ್ತ ಸುರಿಸಿಕೊಂಡು ಮಗಳು ನಡೆದು ಬಂದದ್ದು ಅಪ್ಪನೇ ಬಳಿದ ಐಸಿನ ಮೇಲೆ. ಆ ಕೆಂಪನ್ನು ಗಾಡಿ ಓಡಿಸಿ ಹೆರೆದು ತೆಗೆದವನೂ ಅವನೇ. ಕಲೆ ಹೋದ ಮೇಲೂ ಅದೇ ಜಾಗದ ಮೇಲೆ ಮತ್ತೊಂದು ಸಲ ಗಾಡಿ ಓಡಿಸಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಂದು ಸಂಜೆ ಡ್ಯಾನ್ಸ್ ಕ್ಲಾಸು ಮುಗಿದ ಮೇಲೆ ಅವನು ಯಂತ್ರದ ಕೋಣೆಗೆ ಹೋದ, ಗುಂಡಿಯ ಮುಂದೆ ನಿಂತ, ಮುಟ್ಟದೆ ವಾಪಸು ಬಂದ.

ಆ ತಿಂಗಳ ಪಂದ್ಯಗಳೆಲ್ಲ ಊರಿನ ರಿಂಕಿನಲ್ಲೇ ಇದ್ದವು, ಕೊನೆಗೆ ಫೈನಲ್ಲೂ ಅಲ್ಲೇ. ಮೊದಲ ವಾರ ಅಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗೋಡೆ ಮನೆಗೆ ಬಂದಳು, ಒಂದು ಗೀರೂ ಇಲ್ಲ. ಮುಂದಿನ ಪಂದ್ಯಕ್ಕೂ ಇಲ್ಲ. ಅಮ್ಮ ಜಗಳ ನಿಲ್ಲಿಸಿದಳು. ಕ್ಯಾಂಟೀನಿನಿಂದ ಮಿಕ್ಕ ಬನ್ನು ತಂದಳು, ಕೈಗವಸುಗಳನ್ನು ತಾನೇ ಸೋಪು ಹಾಕಿ ತೊಳೆದಳು, ಅಜ್ಜಿಯ ಬೇಯದ ಆಲೂಗಡ್ಡೆಯನ್ನೂ ಚೆನ್ನಾಗಿದೆ ಎಂದಳು. ಅಜ್ಜಿಗೆ ಅನುಮಾನ ಬಂದು ಮಗಳ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ಆದರೆ ಗೋಡೆಯ ಮುಖ ಇಳಿಯತೊಡಗಿತ್ತು.

ಮೊದಲು ಒಬ್ಬ ಎದುರಾಳಿ ಅವಳ ಪಕ್ಕದಿಂದ ನುಸುಳಿ ಗೋಲು ಹೊಡೆದಳು. ಅಂಥದ್ದು ಎಲ್ಲರಿಗೂ ಆಗುತ್ತದೆ. ಮುಂದಿನ ಪಂದ್ಯದಲ್ಲಿ ಎರಡು ಸಲ ಹಾಗೇ ಆಯಿತು. ಹಿಂದಕ್ಕೆ ಜಾರುತ್ತಾ ಬಂದು ತಿರುಗಬೇಕು ಎನ್ನುವಲ್ಲಿ ಕಾಲು ಒಂದು ಗಳಿಗೆ ತಡವಾಗುತ್ತಿತ್ತು, ಕೆಳಗಿನಿಂದ ಯಾರೋ ಹಿಡಿದ ಹಾಗೆ. ಅಷ್ಟರಲ್ಲಿ ಎದುರಾಳಿ ದಾಟಿ ಹೋಗಿರುತ್ತಿದ್ದಳು. ಎರಡು ವರ್ಷದ ಹಿಂದೆ ಆಪರೇಷನ್ ಆದ ಮಂಡಿಯೇ ಕೈಕೊಟ್ಟಿದೆ ಎಂದು ಗೋಡೆ ತೀರ್ಮಾನಿಸಿದಳು. ಡಾಕ್ಟರು ಮಂಡಿಯನ್ನು ಮಡಚಿ, ಬಿಡಿಸಿ, ತಟ್ಟಿ, ಏನೂ ಇಲ್ಲ ಎಂದು ಕಳಿಸಿದರು. ಏನೂ ಇಲ್ಲವೆಂದರೆ ಇನ್ನೂ ಕಷ್ಟ. ಏನಾದರೂ ಇದ್ದಿದ್ದರೆ ಔಷಧಿಯಾದರೂ ಇರುತ್ತಿತ್ತು.

ಒಂದು ದಿನ ಪ್ರಾಕ್ಟೀಸಿನಲ್ಲಿ, ತಂಡಕ್ಕೆ ಹೊಸದಾಗಿ ಬಂದ ಡಿಫೆಂಡರ್ ಹುಡುಗಿ ತಿರುಗುವಾಗ ಮುಗ್ಗರಿಸಿ ಬಿದ್ದಳು. ಎದ್ದು ಕಾಲು ಹಿಡಿದುಕೊಂಡು ಕೂಗಿದಳು: “ಇದೇನ್ ಐಸಾ, ಬೆಣ್ಣೆಯಾ? ಬ್ಲೇಡು ಒಳಗೇ ಹೋಗುತ್ತೆ!”

ಗೋಡೆ ಅವಳ ಮೇಲೇ ಹಾರಿದಳು. “ಮೊದಲು ಸ್ಕೇಟ್ ಮಾಡೋದು ಕಲಿ, ಆಮೇಲೆ ಐಸ್ ಬಗ್ಗೆ ಮಾತಾಡು. ನಮ್ಮಪ್ಪನ ಐಸಿನ ಮೇಲೆ ಇಷ್ಟು ವರ್ಷದಿಂದ ಆಡ್ತಿದೀನಿ ನಾನು. ಒಂದು ದಿನಾನೂ ಅದು ನನ್ನ ಕೈಬಿಟ್ಟಿಲ್ಲ.”

ಗಾಡಿಯ ಪಕ್ಕ ನಿಂತಿದ್ದ ಅಪ್ಪ ಇದನ್ನು ಕೇಳಿಸಿಕೊಂಡ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಆದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ, “ಕಂಪ್ರೆಸರ್ ಹಳೇದಾಗಿದೆ,” ಎಂದು ಗಾಳಿಗೆ ಹೇಳಿ ಒಳಗೆ ಹೋದ. ಹೊಸ ಹುಡುಗಿಯ ಕಾಲು ಉಳುಕಿತ್ತು. ಒಂದು ವಾರ ಆಡಬಾರದು ಎಂದರು.

ಫೈನಲ್ಲಿಗೆ ಇನ್ನೊಂದೇ ವಾರ ಇರುವಾಗ ಕೋಚ್ ಗೋಡೆಯನ್ನು ಕರೆದಳು. ನೇರ ಮಾತಿನ ಹೆಂಗಸು, ಒಂದು ಕಾಲಕ್ಕೆ ಅವಳೂ ಡಿಫೆಂಡರ್.

“ನಿನಗೆ ಸುತ್ತಿ ಬಳಸಿ ಹೇಳಲ್ಲ. ನೀನು ತಿರುಗೋದು ತಡ ಆಗ್ತಿದೆ.”

“ಗೊತ್ತು ಮೇಡಂ.”

“ಮಂಡಿಯಾ?”

“ಇನ್ನೇನಿರುತ್ತೆ?”

“ಫೈನಲ್ಲಿಗೆ ನಿನ್ನ ಬೆಂಚಲ್ಲಿ ಕೂರಿಸ್ತೀನಿ. ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳಬೇಡ ಎಂದರೆ ಬೇಜಾರು ಕೇಳುತ್ತದೆಯೇ? ಗೋಡೆ ತಲೆಯಾಡಿಸಿ, ಬ್ಯಾಗು ಹೆಗಲಿಗೆ ಹಾಕಿ ಬಸ್ಸು ಹತ್ತಿದಳು. ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತು, ಉಪ್ಪು ಕೊಡಿ ಎನ್ನುವ ಧ್ವನಿಯಲ್ಲಿ ಹೇಳಿದಳು.

“ಅಮ್ಮ, ಗೋದಾಮಿನ ಕೆಲಸ ಒಪ್ಪಿಕೊಳ್ತೀನಿ. ಫೈನಲ್ ಆದ ಮರುದಿನ ಅವರೇ ಫೋನ್ ಮಾಡ್ತಾರೆ, ಆಗ ಹೂಂ ಅಂತೀನಿ. ಇನ್ನು ಆಡಲ್ಲ.”

ಅಮ್ಮನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಎಷ್ಟು ವರ್ಷ ಕಾದಿದ್ದ ಮಾತು! ಕುಣಿದಾಡಬೇಕಿತ್ತು. ಬಾಯಿಂದ ಬಂದದ್ದು ಮಾತ್ರ “ಯಾಕೆ?” ಎಂಬ ಒಂದೇ ಪದ.

“ನನ್ನ ಕೈಲಾಗ್ತಿಲ್ಲ. ಮುಗೀತು, ಅಷ್ಟೇ. ಬಚ್ಚಲು ಖಾಲಿ ಆಗುತ್ತೆ ಅಜ್ಜಿ, ಖುಷಿಪಡು.”

ಅಜ್ಜಿ ಖುಷಿಪಡಲಿಲ್ಲ. ಮೊಮ್ಮಗಳು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಹೋದ ಮೇಲೆ ಮಗಳನ್ನು ಕೇಳಿದಳು: “ಬಿಡಿಸ್ಬೇಕು ಅಂತಿದ್ದೆ, ಬಿಟ್ಟಳು. ಈಗ್ಯಾಕೆ ನಿನ್ನ ಮುಖ ಹೀಗಿದೆ?”

“ನಾನು ಬಿಡು ಅಂದಾಗೆಲ್ಲ ಜಗಳಕ್ಕೆ ಬರ್ತಿದ್ದಳಲ್ಲಮ್ಮ. ಇವತ್ತು ಯಾರೂ ಏನೂ ಅಂದಿಲ್ಲ, ಅವಳೇ ಬಿಡ್ತೀನಿ ಅಂತಾಳೆ. ನನಗೆ ಭಯ ಆಗುತ್ತೆ.”

ಅಪ್ಪ ಎರಡು ಸಲ ನೀರು ಕುಡಿದ, ಎರಡು ಸಲವೂ ಲೋಟ ಖಾಲಿಯಾದದ್ದು ಗೊತ್ತಾಗದೆ ಮತ್ತೆ ಎತ್ತಿದ.

ಮರುದಿನ ಸಂಜೆ ಪ್ರಾಕ್ಟೀಸು ಮುಗಿದು ಹುಡುಗಿಯರು ಹೋದ ಮೇಲೆ ಅವನು ಎಂದಿನಂತೆ ಗಾಡಿ ಹತ್ತಲಿಲ್ಲ. ರಬ್ಬರು ಬೂಟಿನಲ್ಲಿ ಐಸಿನ ಮೇಲೆ ನಡೆದು, ಮಗಳು ನಿಂತು ಆಡುವ ಜಾಗಕ್ಕೆ ಹೋದ. ಐಸಿನ ಮೇಲಿನ ಗೀರುಗಳನ್ನು ನೋಡಿಯೇ ಯಾರು ಎಲ್ಲಿ ಓಡಿದರು, ಎಲ್ಲಿ ಬಿದ್ದರು ಎಂದು ಹೇಳಬಲ್ಲವನು ಅವನು. ನೇರ ಓಡಿದವರ ಗೀರುಗಳು ತೆಳ್ಳಗಿದ್ದವು. ಡಿಫೆಂಡರುಗಳು ಹಿಂದಕ್ಕೆ ಜಾರಿ ಬಂದು ತಿರುಗುವ ಕಡೆ ಮಾತ್ರ ಐಸು ಉತ್ತ ಹೊಲದ ಹಾಗಿತ್ತು. ಅವನು ಮೊಣಕಾಲೂರಿ ಒಂದು ಗೀರಿನೊಳಗೆ ಬೆರಳಿಟ್ಟ. ಉಗುರು ಪೂರ್ತಿ ಮುಳುಗಿತು. ತಿರುಗುವ ಕ್ಷಣದಲ್ಲಿ ಬ್ಲೇಡನ್ನು ಕಚ್ಚಿ ಹಿಡಿದಿದ್ದದ್ದು ಅವನೇ ಮಾಡಿದ ಐಸು. ಜೀವಮಾನವೆಲ್ಲ ಐಸ್ ಮಾಡಿದ ಮನುಷ್ಯ ಒಂದು ದಿನವೂ ಸ್ಕೇಟ್ಸ್ ಕಟ್ಟಿ ಅದರ ಮೇಲೆ ಹಿಂದಕ್ಕೆ ಜಾರಿದವನಲ್ಲ. ಬಿದ್ದರೆ ಹೇಗಿರುತ್ತದೆ ಎಂದಷ್ಟೇ ಯೋಚಿಸಿದ್ದ, ತಿರುಗುವುದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಾಲ್ವರೂ ಮೇಜಿನ ಸುತ್ತ ಇದ್ದರು. ಅಜ್ಜಿ ಬ್ರೆಡ್ಡು ಸುಡುತ್ತಿದ್ದಳು. ಸುಡುತ್ತಿದ್ದಳು ಎಂದರೆ ನಿಜವಾಗಿಯೂ ಸುಡುತ್ತಿದ್ದಳು.

“ನಿನ್ನ ಮಂಡಿಗೆ ಏನೂ ಆಗಿಲ್ಲ,” ಎಂದ ಅಪ್ಪ.

“ಸಮಾಧಾನ ಮಾಡ್ಬೇಡಪ್ಪ. ನಾನು ಒಪ್ಪಿಕೊಂಡಾಗಿದೆ.”

“ಸಮಾಧಾನ ಅಲ್ಲ. ಐಸು ಮೆತ್ತಗಿತ್ತು. ಮೂರು ವಾರದಿಂದ ನಾನು ತಣ್ಣಗೆ ಮಾಡ್ತಾನೇ ಇರ್ಲಿಲ್ಲ. ಮಕ್ಕಳ ಐಸಿನ ಮೇಲೇ ಆಡಿದೀರಿ ನೀವು. ನೇರ ಓಡೋರಿಗೆ ಅಷ್ಟಾಗಿ ಗೊತ್ತಾಗಲ್ಲ. ತಿರುಗೋರ ಕಾಲನ್ನ ಅದು ಹಿಡಿದುಬಿಡುತ್ತೆ. ನಿನ್ನೆ ನೋಡಿದೆ. ನಿನ್ನ ಕಾಲು ಸರಿಯಾಗಿದೆ ಮಗಳೇ. ಸರಿ ಇಲ್ಲದ್ದು ನನ್ನ ಕೆಲಸ.”

ಗೋಡೆ ಕಪ್ಪು ಕೆಳಗಿಟ್ಟಳು. ಎದ್ದು ಅಡುಗೆಮನೆಯ ನಡುವೆ ನಿಂತಳು. ಕುಕ್ಕರಗಾಲಲ್ಲಿ ಕೂತಳು, ಎದ್ದಳು. ಮತ್ತೆ ಕೂತಳು, ಎದ್ದಳು. ಒಂದು ಕಾಲಿನ ಮೇಲೆ ನಿಂತು ಗಿರ್ರನೆ ತಿರುಗಿದಳು. ಅಜ್ಜಿಯ ಹರಿವಾಣ ಕೆಳಗೆ ಬಿತ್ತು.

“ಮಂಡಿ ಅಲ್ವಾ?”

“ಅಲ್ಲ.”

“ಅಪ್ಪಾ, ಮಂಡಿ ಅಲ್ವಾ?”

“ಅಲ್ಲಮ್ಮ.”

ಅವಳು ನೆಲದ ಮೇಲೆ ಕೂತು ನಗತೊಡಗಿದಳು. ನಗುತ್ತಲೇ ಅತ್ತಳು. ಬೈಗುಳ ತಿನ್ನಲು ತಯಾರಾಗಿ ಬಂದಿದ್ದ ಅಪ್ಪನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಕೊನೆಗೆ ಹರಿವಾಣ ಎತ್ತಿಟ್ಟ.

ಸಿಟ್ಟು ಆಮೇಲೆ ಬಂತು. ಬಂದಾಗ ಪೂರ್ತಿಯಾಗಿಯೇ ಬಂತು.

“ಯಾಕಪ್ಪ? ಯಾಕೆ ಹೀಗೆ ಮಾಡ್ದೆ?”

ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: “ಅವರನ್ನ ಕೇಳ್ಬೇಡ. ಹೇಳಿಕೊಟ್ಟವಳು ನಾನು. ನಿನಗೆ ಪೆಟ್ಟಾಗ್ಬಾರ್ದು ಅಂತ.”

“ಕಂಬಳಿ ಹಾಸಿ ಅಂದವಳು ನಾನು,” ಎಂದಳು ಅಜ್ಜಿ ಒಲೆಯ ಕಡೆಗೆ ಮುಖ ಮಾಡಿಕೊಂಡು.

“ವಾ! ಮೂರೂ ಜನ ಸೇರಿ! ಆ ಹೊಸ ಹುಡುಗಿ ಐಸು ಸರಿ ಇಲ್ಲ ಅಂದ್ಲು. ನಿಜ ಹೇಳಿದ್ಲು. ಎಲ್ಲರ ಮುಂದೆ ಅವಳಿಗೆ ಬೈದೆ ನಾನು, ನಮ್ಮಪ್ಪನ ಐಸು ಅಂತ! ಅವಳ ಕಾಲು ಉಳುಕಿತು ಅಪ್ಪ. ಅವಳಿಗೂ ಒಬ್ಬಳು ತಾಯಿ ಇದಾಳೆ.”

ಅಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಅವಳು ಕುರ್ಚಿ ಎಳೆದು ಕೂತಳು.

“ಪೆಟ್ಟಾಗಿದ್ರೆ ವಾಸಿಯಾಗ್ತಿತ್ತಮ್ಮ,” ಎಂದಳು ಗೋಡೆ, ಈಗ ಧ್ವನಿ ತಗ್ಗಿತ್ತು. “ನನ್ನ ಕೈಲಾಗಲ್ಲ ಅಂತ ದಿನಾ ಅನ್ಕೊಂಡು ಮಲಗ್ತಿದ್ನಲ್ಲ, ಅದಕ್ಕೆ ಎಲ್ಲಿ ಹೊಲಿಗೆ ಹಾಕಿಸ್ತಿದ್ದೆ ನೀನು?”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ತಪ್ಪಾಯ್ತು,” ಎಂದಳು. ಆ ಮನೆಯಲ್ಲಿ ಆ ಪದ ಅಪರೂಪ. ಗೋಡೆಗೆ ಇನ್ನೂ ಬೈಯುವುದಿತ್ತು, ಆದರೆ ಆ ಪದ ಕೇಳಿದ ಮೇಲೆ ಉಳಿದದ್ದು ಬಾಯಲ್ಲೇ ಕರಗಿತು.

“ಏಳಿ,” ಎಂದಳು ಅಪ್ಪನಿಗೆ. “ಕೋಚ್ ಮೇಡಂಗೆ ನೀವೇ ಹೇಳ್ಬೇಕು. ನಾನು ಜೊತೆಗೆ ಬರ್ತೀನಿ. ಮಾತಾಡಲ್ಲ, ನಿಂತಿರ್ತೀನಿ.” ಅವಳು ಅಪ್ಪನಿಗೆ ಬಹುವಚನ ಬಳಸುವುದು ಸಿಟ್ಟು ಬಂದಾಗ ಮಾತ್ರ.

ಕೋಚ್ ಪೂರ್ತಿ ಕೇಳಿದಳು. ಕೇಳಿ ಮುಗಿಸಿ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಎಸೆದಳು.

“ಐಸಪ್ಪಾ, ನಾನು ಈ ಹುಡುಗಿಯರಿಗೆ ಸೋಮಾರಿಗಳು ಅಂತ ಬೈದಿದೀನಿ. ಊಟ ಕಡಿಮೆ ಮಾಡಿ ಅಂದಿದೀನಿ. ನಿಮ್ಮ ಮಗಳನ್ನ ಬೆಂಚಿಗೆ ಹಾಕಿದೀನಿ. ಗೊತ್ತಾ?”

“ಗೊತ್ತು ಮೇಡಂ. ಕೆಲಸದಿಂದ ತೆಗೆದ್ರೂ ಸರಿ. ಇವತ್ತಿನ ಐಸು ಮಾತ್ರ ನಾನೇ ಮಾಡಿಕೊಟ್ಟು ಹೋಗ್ತೀನಿ.”

“ತೆಗೆಯೋದು ಬಿಡೋದು ರಿಂಕಿನ ಮ್ಯಾನೇಜರಿಗೆ ಬಿಟ್ಟಿದ್ದು. ಅವರಿಗೂ ನೀವೇ ಹೇಳಿ.”

ಅಪ್ಪ ಅವರಿಗೂ ಹೇಳಿದ. ಮ್ಯಾನೇಜರು ಮೇಜು ಗುದ್ದಿದರು, ಗಂಟಲು ಹರಿಯುವಂತೆ ಕೂಗಿದರು, ಆಮೇಲೆ ಇಂಥ ಐಸ್ ಮಾಡುವವನು ಇನ್ನೊಬ್ಬ ಎಲ್ಲಿ ಸಿಗುತ್ತಾನೆ ಎಂದು ಯೋಚಿಸಿದರು. ಕೆಲಸ ಉಳಿಯಿತು. ಯಂತ್ರದ ಕೋಣೆಯ ಬೀಗದ ಕೈ ಮಾತ್ರ ಇನ್ನು ಮೇಲೆ ಕೋಚ್ ಹತ್ತಿರ. ದಿನಾ ಸಂಜೆ ಅವಳು ಬಂದು ಬಾಗಿಲು ತೆಗೆಯಬೇಕು, ಪಕ್ಕದಲ್ಲೇ ನಿಂತು ನೋಡಬೇಕು, ಅವನು ಗುಂಡಿ ತಿರುಗಿಸಬೇಕು. ಶಾಲೆಯ ಹುಡುಗನ ಹಾಗೆ ಅವನು ಒಪ್ಪಿಕೊಂಡ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ಅಜ್ಜಿ ಆ ರಾತ್ರಿ ಒಂದು ಆಲೂಗಡ್ಡೆ ಜಾಸ್ತಿ ಬಡಿಸಿದಳು. ಅಮ್ಮ ಒಂದು ಡಬ್ಬಿ ತುಂಬ ಬನ್ನು ಕಟ್ಟಿಕೊಂಡು, ಗೋಡೆಯ ಜೊತೆ ಹೊಸ ಹುಡುಗಿಯ ಮನೆಗೂ ಹೋಗಿಬಂದಳು. ಅಲ್ಲಿ ಏನು ಮಾತಾದವೋ, ಇಬ್ಬರೂ ಹೇಳಲಿಲ್ಲ. ಡಬ್ಬಿ ಖಾಲಿಯಾಗಿ ಬಂತು, ಅಷ್ಟು ಸಾಕು.

ಗಟ್ಟಿ ಐಸಿನ ಮೇಲೆ ಮೊದಲ ಪ್ರಾಕ್ಟೀಸಿನಲ್ಲಿ ಕೋಚ್ ತನ್ನ ಅತಿ ವೇಗದ ಹುಡುಗಿಯನ್ನು ಗೋಡೆಯ ಮೇಲೆ ಬಿಟ್ಟಳು. ಬಲಕ್ಕೆ ಬಂದಳು, ದಾರಿ ಇಲ್ಲ. ಎಡಕ್ಕೆ ಬಂದಳು, ದಾರಿ ಇಲ್ಲ. ನಡುವೆ ನುಗ್ಗಿದಳು, ಬಿದ್ದಳು. ಕೋಚ್ ಬೆಂಚಿನ ಮೇಲಿದ್ದ ಗೋಡೆಯ ನೀರಿನ ಬಾಟಲಿಯನ್ನು ತೆಗೆದು, ಆಡುವವರ ಬಾಟಲಿಗಳ ಸಾಲಿನಲ್ಲಿಟ್ಟಳು.

ಫೈನಲ್ಲಿಗೆ ಅಮ್ಮ, ಅಜ್ಜಿ ಇಬ್ಬರೂ ಹೋದರು. ಗಟ್ಟಿ ಐಸಿನ ಸದ್ದೇ ಬೇರೆ. ಬ್ಲೇಡುಗಳು ಗಾಜು ಕೊಯ್ದ ಹಾಗೆ ಕೇಳುತ್ತಿದ್ದವು. ಅಮ್ಮ ಆ ಸದ್ದನ್ನು ಹಲ್ಲು ಕಚ್ಚಿಕೊಂಡು ಕೇಳಿದಳು. ಆಟ ಮುಗಿಯಲು ಸ್ವಲ್ಪವೇ ಉಳಿದಿರುವಾಗ ಊರಿನ ತಂಡ ಒಂದು ಗೋಲು ಮುಂದಿತ್ತು, ಎದುರಾಳಿಗಳೆಲ್ಲ ಒಟ್ಟಿಗೆ ಮೇಲೆ ಬಿದ್ದಿದ್ದರು. ಅವರಲ್ಲೊಬ್ಬಳು ಕೋಲೆತ್ತಿ ಬೀಸಿದಳು. ಬಿಲ್ಲೆ ಹೊರಟದ್ದು ಅಮ್ಮನಿಗೆ ಕಾಣಲೇ ಇಲ್ಲ. ಮಗಳು ಹಿಂದಕ್ಕೆ ಜಾರುತ್ತಿದ್ದವಳು ಥಟ್ಟನೆ ತಿರುಗಿ ಅಡ್ಡ ಬಿದ್ದದ್ದು ಕಂಡಿತು. ಪಕ್ಕೆಗೆ ಬಡಿದ ಸದ್ದು ಮೇಲಿನ ಸಾಲಿನವರೆಗೂ ಕೇಳಿಸಿತು.

“ಎದ್ದಳಾ?” ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. “ಏ, ಹೇಳೇ, ಎದ್ದಳಾ?”

“ಎದ್ದಳಮ್ಮ,” ಎಂದಳು ಅಮ್ಮ. “ಆಗಲೇ ಇನ್ನೊಬ್ಬಳ ಹಿಂದೆ ಓಡ್ತಿದಾಳೆ.”

ತಂಡ ಗೆದ್ದಿತು. ಗೋಲು ಹೊಡೆದವಳನ್ನು ಹುಡುಗಿಯರು ಹೆಗಲ ಮೇಲೆ ಎತ್ತಿಕೊಂಡರು. ಗೋಡೆಯನ್ನು ಯಾರೂ ಎತ್ತಲಿಲ್ಲ. ಎತ್ತಲು ಬಂದ ಹೊಸ ಹುಡುಗಿಗೆ ಅವಳೇ, “ಪಕ್ಕೆ ಮುಟ್ಬೇಡ ಮಾರಾಯ್ತಿ,” ಎಂದು ಕೈಮುಗಿದಳು.

ಮರುದಿನ ಗೋಡೆ ಬಚ್ಚಲಲ್ಲಿದ್ದಳು. ಪಕ್ಕೆಯ ಮೇಲೆ ಬಟ್ಟಲಿನಗಲ ನೀಲಿ ಕಟ್ಟಿತ್ತು. ಕೈ ಮೇಲಕ್ಕೆತ್ತಲಾಗದೆ ನಿಂತಿದ್ದಳು, ಅಮ್ಮ ತಲೆಗೆ ನೀರು ಹಾಕಿ ಆಗಷ್ಟೇ ಹೊರಗೆ ಬಂದಿದ್ದಳು. ಮೇಜಿನ ಮೇಲೆ ಮಗಳ ಫೋನು ಹೊಡೆದುಕೊಂಡಿತು.

“ಗೋದಾಮಿನವರು!” ಎಂದು ಅಮ್ಮ ಕೂಗಿದಳು. “ಏನು ಹೇಳ್ಲಿ?”

ಒಳಗೆ ನೀರಿನ ಸದ್ದು ನಿಂತಿತು. “ನಿನಗೇನು ಅನ್ಸುತ್ತೋ ಅದನ್ನೇ ಹೇಳಮ್ಮ.”

ಅಮ್ಮ ಬಚ್ಚಲಿನ ಬಾಗಿಲನ್ನೊಮ್ಮೆ ನೋಡಿದಳು. ಮಗಳು ತಮಾಷೆಗೆ ಹೇಳಿದಳೋ, ತನ್ನನ್ನು ನಂಬಿ ಹೇಳಿದಳೋ ಗೊತ್ತಾಗಲಿಲ್ಲ. ಕುರ್ಚಿ, ಮೇಜು, ಫ್ಯಾನು ಎಲ್ಲ ಕಣ್ಣ ಮುಂದೆ ಬಂದವು. ಹೂಂ ಎಂಬ ಒಂದು ಮಾತು ಸಾಕಿತ್ತು. ಬ್ರೆಡ್ಡು ಕೊಯ್ಯುತ್ತಿದ್ದ ಅಪ್ಪ ಚಾಕು ಕೆಳಗಿಟ್ಟ. ಅಜ್ಜಿ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

“ಹಲೋ, ನಾನು ಅವಳ ತಾಯಿ ಮಾತಾಡ್ತಿರೋದು,” ಎಂದಳು ಅಮ್ಮ. “ಇಲ್ಲ ಸರ್, ಅವಳಿಗೆ ಆ ಕೆಲಸ ಬೇಡ. ಬೆಳಿಗ್ಗೆ ಅರ್ಧ ದಿನ ಬರ್ತಾಳೆ, ಯಾವಾಗ್ಲೂ ಬರೋ ಹಾಗೆ. ಸಂಜೆ ಬೇರೆ ಕೆಲಸ ಇದೆ.”

ಆ ಕಡೆಯಿಂದ ಏನೋ ಕೇಳಿದರು.

“ಅಡ್ಡ ನಿಲ್ಲೋ ಕೆಲಸ ಸರ್. ಈಗ್ಲೂ ಚೆನ್ನಾಗಿ ಮಾಡ್ತಾಳೆ. ನಿನ್ನೆ ನಾನೇ ನೋಡಿದೆ.”

ಫೋನಿಟ್ಟ ಮೇಲೆ ಅಮ್ಮನಿಗೆ ಬಹಳ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು. ಭಯ ಮಾತ್ರ ಇದ್ದಲ್ಲೇ ಇತ್ತು. ಅವಳು ಟವೆಲು ತೆಗೆದುಕೊಂಡು ಮಗಳ ತಲೆ ಒರೆಸಲು ಒಳಗೆ ಹೋದಳು.